ಚಂಚಲ ಚಿತ್ತಕ್ಕೊಂದು ನ್ಯಾಯವಾದ ಪರೀಕ್ಷೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮನೋವೈದ್ಯರಾಗಿದ್ದ ಡಾ. ಶೋಭಾ ಶ್ರೀನಾಥ್ ಅವರೂ ಅವರ ಸಹೋದ್ಯೋಗಿಗಳೂ ಕೂಡಿ, ನಗರದ ಮಧ್ಯಮವರ್ಗದ ಬಡಾವಣೆಗಳಿಂದಲೂ ಕೊಳೆಗೇರಿಗಳಿಂದಲೂ ಬೆಂಗಳೂರಿನ ಗ್ರಾಮೀಣ ಪ್ರದೇಶದಿಂದಲೂ ಆಯ್ದುಕೊಂಡ, ಹಸುಗೂಸುಗಳು ಮೊದಲ್ಗೊಂಡು ೧೬ ವರ್ಷದವರೆಗಿನ ೨,೦೬೪ ಮಕ್ಕಳನ್ನು ಪರಿಶೀಲಿಸಿ ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ನಾಲ್ಕರಿಂದ ಹದಿನಾರು ವರ್ಷದ ಮಕ್ಕಳಲ್ಲಿ ಶೇಕಡ ೧೨ರಷ್ಟು ಮಂದಿಗೆ ಮನಸ್ಸಿಗೋ ನಡವಳಿಕೆಗೋ ಸಂಬಂಧಿಸಿದ ಯಾವುದಾದರೊಂದು ತೊಂದರೆ ಇದ್ದಿತೆಂದೂ, ಬಡಾವಣೆ, ಕೊಳೆಗೇರಿ, ಹಳ್ಳಿ ಎಂಬ ಭೇದದಿಂದ ಈ ಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ಅಂತರವೇನೂ ಕಾಣಲಿಲ್ಲವೆಂದೂ, ಹೆಚ್ಚಾಗಿ ಕಂಡುಬಂದ ತೊಂದರೆಗಳ ಪೈಕಿ ಇಂದು ಎಡಿಎಚ್‌ಡಿ ಎಂದು ನಾವು ಕರೆಯುವ, ಗಮನದ ಕೊರತೆ ಮತ್ತು ಅತಿಚಟುವಟಿಕೆಯ ವ್ಯಾಧಿಯೂ ಒಂದೆಂದೂ ಅದು ತಿಳಿಸುತ್ತದೆ. ಆದರೆ ಆ ಅಧ್ಯಯನದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕಿದ ಅಂಕಿ ಬೇರೆಯದು: ತಮ್ಮ ಮಗುವಿಗೆ ಏನೋ ತೊಂದರೆಯಿದೆಯೆಂದು ಮನಗಂಡಿದ್ದ ಕುಟುಂಬಗಳು ಶೇಕಡ ೩೭.೫ ಮಾತ್ರ. ಉಳಿದ ಮನೆಗಳಲ್ಲಿ ಮಗುವಿನ ಸ್ಥಿತಿಯನ್ನು ಏನೆಂದು ತಿಳಿದಿದ್ದರು ಎಂಬುದನ್ನು ಊಹಿಸುವುದು ನಮ್ಮ ಗ್ರಾಮಾಂತರ ಜಿಲ್ಲೆಯವರಿಗೆ ಕಷ್ಟವಾಗಲಾರದು.

ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಾಗಲಿ, ದೇವನಹಳ್ಳಿಯ ಚಕ್ಕೋತದ ತೋಟಗಳ ನಡುವಣ ಹಳ್ಳಿಯಲ್ಲಾಗಲಿ, ಹೊಸಕೋಟೆಯ ಗೋದಾಮುಗಳ ಬದಿಯ ಬಾಡಿಗೆ ಮನೆಯಲ್ಲಾಗಲಿ, ನೆಲಮಂಗಲದ ಹೆದ್ದಾರಿಯ ಪಕ್ಕದ ಶಾಲೆಯಲ್ಲಾಗಲಿ, ಇಂತಹ ಮಗುವನ್ನು ಕುರಿತು ಕೇಳಿಬರುವ ಮಾತುಗಳು ಹೆಚ್ಚುಕಡಮೆ ಒಂದೇ ಬಗೆಯವು: “ಕೂತ ಕಡೆ ಕೂರಲ್ಲ”, “ಹೇಳಿದ್ದು ಕಿವಿಗೇ ಹಾಕ್ಕೊಳ್ಳಲ್ಲ”, “ಒಂದು ಕೆಲಸಾನೂ ಪೂರ್ತಿ ಮಾಡಲ್ಲ”, “ಬುದ್ಧಿಯೇನೋ ಇದೆ, ಆದರೆ ಸೋಮಾರಿ”. ಇದಾದ ಮೇಲೆ ದೃಷ್ಟಿ ತೆಗೆಯುವುದು, ತಾಯಿತ ಕಟ್ಟಿಸುವುದು, ಬೆತ್ತದ ರುಚಿ ತೋರಿಸುವುದು, ಅದಕ್ಕೂ ಬಗ್ಗದಿದ್ದರೆ ದೂರದ ಹಾಸ್ಟೆಲಿಗೆ ಸೇರಿಸುವುದು, ಹೀಗೆ ಒಂದಾದ ಮೇಲೊಂದು ಪ್ರಯೋಗಗಳು ನಡೆಯುತ್ತವೆ. ಇವುಗಳನ್ನು ಮಾಡುವ ತಂದೆತಾಯಿಗಳಿಗೆ ಮಗುವಿನ ಮೇಲೆ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು. ನಿಂದೆ ಮೊದಲಾಗಿ ವಿಚಾರಣೆ ಹಿಂದುಳಿದಿದೆ ಎಂಬುದಷ್ಟೇ ಇಲ್ಲಿರುವ ಕೊರತೆ. ಆ ವಿಚಾರಣೆ ಹೇಗೆ ನಡೆಯತಕ್ಕದ್ದು, ಅದರಲ್ಲಿ ಯಾರ ಯಾರ ಸಾಕ್ಷ್ಯ ಬೇಕಾಗುತ್ತದೆ, ಯಾವ ಯಾವ ತಪ್ಪು ತೀರ್ಮಾನಗಳಿಗೆ ಅಲ್ಲಿ ಅವಕಾಶವಿದೆ ಎಂಬುದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯೋಣ. ಇದರ ಲಕ್ಷಣಗಳನ್ನು ವೈದ್ಯಶಾಸ್ತ್ರ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿನಲ್ಲಿ ಒಂಬತ್ತು ಲಕ್ಷಣಗಳನ್ನು ಹೇಳುತ್ತದೆ. ಗಮನಕ್ಕೆ ಸೇರಿದವು ಒಂದು ಕಡೆ: ಸಣ್ಣಪುಟ್ಟ ವಿವರಗಳನ್ನು ಬಿಟ್ಟುಬಿಡುವುದು, ಕೆಲಸದಲ್ಲಿಯೂ ಆಟದಲ್ಲಿಯೂ ಬಹಳ ಹೊತ್ತು ಮನಸ್ಸು ನಿಲ್ಲದಿರುವುದು, ಎದುರಿಗೆ ನಿಂತು ಮಾತನಾಡಿಸಿದರೂ ಕೇಳಿಸದವರಂತಿರುವುದು, ಆರಂಭಿಸಿದ್ದನ್ನು ಮುಗಿಸದಿರುವುದು, ಅನುಕ್ರಮವಿಲ್ಲದಿರುವುದು, ಬುದ್ಧಿಗೆ ಶ್ರಮ ಕೊಡುವ ಕೆಲಸವನ್ನು ತಪ್ಪಿಸಿಕೊಳ್ಳುವುದು, ಪೆನ್ಸಿಲು ಪುಸ್ತಕ ಬೀಗದ ಕೈ ಮುಂತಾದವನ್ನು ಕಳೆಯುತ್ತಿರುವುದು, ಹೊರಗಿನ ಸಣ್ಣ ಸದ್ದಿಗೂ ಚಿತ್ತ ಹರಿಯುವುದು, ನಿತ್ಯದ ಕೆಲಸಗಳನ್ನು ಮರೆಯುವುದು. ಚಲನೆಗೂ ಆತುರಕ್ಕೂ ಸೇರಿದವು ಇನ್ನೊಂದು ಕಡೆ: ಕೈಕಾಲು ಆಡಿಸುತ್ತಲೇ ಇರುವುದು, ಕೂತಲ್ಲಿಂದ ಎದ್ದುಹೋಗುವುದು, ಹೊತ್ತುಗೊತ್ತಿಲ್ಲದೆ ಓಡಾಡಿ ಹತ್ತಿ ಇಳಿಯುವುದು, ಸದ್ದಿಲ್ಲದೆ ಆಡಲಾರದಿರುವುದು, ಬಿಡುವಿಲ್ಲದೆ ಮಾತನಾಡುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುವುದು, ತನ್ನ ಸರದಿಗೆ ಕಾಯಲಾರದಿರುವುದು, ಪರರ ಮಾತಿನಲ್ಲೂ ಆಟದಲ್ಲೂ ನಡುವೆ ನುಗ್ಗುವುದು ಮುಂತಾದವು. ಕೆಲವರಲ್ಲಿ ಮೊದಲನೆಯ ಗುಂಪು ಪ್ರಧಾನ, ಕೆಲವರಲ್ಲಿ ಎರಡನೆಯದು, ಅನೇಕರಲ್ಲಿ ಎರಡೂ ಉಂಟು.

“ಮೂರು ಗಂಟೆ ಹೊತ್ತು ಕದಲದೆ ಕ್ರಿಕೆಟ್ ನೋಡುತ್ತಾನಲ್ಲ, ಅವನಿಗೆ ಗಮನವಿಲ್ಲವೆಂದರೆ ನಂಬುವುದು ಹೇಗೆ?” ಎಂದು ತಂದೆಯಾದವನು ಕೇಳುವುದು ಸಹಜ. ಇಂತಹ ಮಗುವಿನಲ್ಲಿ ಗಮನವೇ ಇಲ್ಲವೆಂದಲ್ಲ. ಗಮನವನ್ನು ಬೇಕಾದ ಕಡೆಗೆ ತಿರುಗಿಸಿ, ಬೇಕಾದಷ್ಟು ಹೊತ್ತು ಅಲ್ಲಿಯೇ ನಿಲ್ಲಿಸುವ ಶಕ್ತಿ ಕಡಮೆ. ಕಾಲುವೆಯಲ್ಲಿ ನೀರು ತುಂಬಿ ಬಂದರೂ ಮಡೆ ತಿರುವುವವನು ಹೊತ್ತಿಗೆ ಸರಿಯಾಗಿ ಒದಗದಿದ್ದರೆ, ಬಾಡಿದ ಪಾತಿಗೆ ಹಾಯಬೇಕಾದ ನೀರು ಬೇಡದ ಕಡೆಗೆ ಹರಿದುಹೋಗುವ ಹಾಗೆ ಇದು. ಕ್ಷಣಕ್ಷಣಕ್ಕೂ ಹೊಸದೊಂದನ್ನು ಕಣ್ಣೆದುರಿಗೆ ತಂದು ನಿಲ್ಲಿಸುವ ಆಟ ಅಥವಾ ಪರದೆ ಗಮನವನ್ನು ತಾನೇ ಎಳೆದುಕೊಳ್ಳುತ್ತದೆ. ಭಾಗಾಕಾರದ ಲೆಕ್ಕ ಹಾಗೆ ಎಳೆದುಕೊಳ್ಳುವುದಿಲ್ಲ, ಅಲ್ಲಿ ಒಳಗಿನ ಪ್ರಯತ್ನ ಬೇಕಾಗುತ್ತದೆ. ಆ ಪ್ರಯತ್ನವೇ ಈ ಮಗುವಿಗೆ ಕಷ್ಟವಾದುದು.

ಮೊಬೈಲ್ ಫೋನು ಬಂದ ಮೇಲೆ ಹುಟ್ಟಿದ ರೋಗವಿದು ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬಲವಾಗಿದೆಯಾದ್ದರಿಂದ ಇದರ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳ ಗುಂಪೊಂದನ್ನು ಅಲ್ಲಿನ ವೈದ್ಯರ ಮಹಾವಿದ್ಯಾಲಯದ ಉಪನ್ಯಾಸಗಳಲ್ಲಿ ವರ್ಣಿಸಿದ್ದು ೧೯೦೨ರಲ್ಲಿ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ೧೯೬೮ರಲ್ಲಿ ಇದನ್ನು ಬಾಲ್ಯದ ಅತಿಚಲನೆಯೆಂದು ಗುರುತಿಸಿ, ೧೯೮೦ರಲ್ಲಿ ಗಮನದ ಕೊರತೆಗೆ ಪ್ರಾಧಾನ್ಯ ಕೊಟ್ಟು, ೧೯೮೭ರಲ್ಲಿ ಇಂದಿನ ಹೆಸರನ್ನಿಟ್ಟು, ೨೦೧೩ರ ಐದನೆಯ ಆವೃತ್ತಿಯಲ್ಲಿ ವಯಸ್ಕರ ಪರೀಕ್ಷೆಗೂ ಸ್ಪಷ್ಟವಾದ ಅವಕಾಶ ಮಾಡಿಕೊಟ್ಟಿತು. ಪರದೆಯ ಮುಂದೆ ಹೊತ್ತು ಕಳೆಯುವುದರಿಂದ ಮಗುವಿನ ನಿದ್ರೆ ಕೆಟ್ಟು ತೊಂದರೆ ಹೆಚ್ಚಬಹುದು; ಅದಕ್ಕೆ ಮಿತಿ ಹಾಕುವುದು ಒಳ್ಳೆಯದೇ. ಆದರೆ ವ್ಯಾಧಿಯ ಬೇರು ಅಲ್ಲಿಲ್ಲ.

ಬೇರಿರುವುದು ಬಹುಮಟ್ಟಿಗೆ ವಂಶದಲ್ಲಿ ಮತ್ತು ಮಿದುಳಿನ ಬೆಳವಣಿಗೆಯ ಕ್ರಮದಲ್ಲಿ. ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರು, ಒಬ್ಬರಿಂದೊಬ್ಬರಿಗೆ ಈ ಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸದ ಸುಮಾರು ಮುಕ್ಕಾಲು ಪಾಲು ವಂಶವಾಹಿಗಳಿಗೆ ಸೇರಿದ್ದೆಂದು ಕಂಡಿದ್ದಾರೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ಹೊರಪದರ ತನ್ನ ಅತ್ಯಧಿಕ ದಪ್ಪವನ್ನು ಮುಟ್ಟುವ ವಯಸ್ಸು ಇತರ ಮಕ್ಕಳಲ್ಲಿ ಸರಾಸರಿ ಏಳೂವರೆ ವರ್ಷವಾಗಿದ್ದರೆ ಈ ಮಕ್ಕಳಲ್ಲಿ ಹತ್ತೂವರೆ ವರ್ಷವಾಗಿತ್ತು. ವಿಳಂಬ ಎದ್ದುಕಂಡದ್ದು ಗಮನವನ್ನೂ ಕ್ರಿಯೆಯನ್ನೂ ನಿಯಂತ್ರಿಸುವ ಮುಂಭಾಗದಲ್ಲಿ. ಅವಧಿಗೆ ಮುನ್ನ ಹುಟ್ಟಿದ ಮತ್ತು ಅತಿ ಕಡಮೆ ತೂಕದ ಶಿಶುಗಳಲ್ಲಿ ಈ ವ್ಯಾಧಿಯ ಸಂಭವ ಹೆಚ್ಚು. “ನಾನು ಮುದ್ದು ಮಾಡಿ ಕೆಡಿಸಿದೆ” ಎಂದು ತನ್ನನ್ನೇ ಹಳಿದುಕೊಳ್ಳುವ ತಾಯಿ, “ನೀನೇ ಕೆಡಿಸಿದೆ” ಎಂದು ಅವಳನ್ನು ಹಳಿಯುವ ಅತ್ತೆ, ಇವರಿಬ್ಬರೂ ಈ ಸಂಗತಿಗಳನ್ನು ತಿಳಿಯಬೇಕೆಂದು ನನ್ನ ಅಪೇಕ್ಷೆ.

ಇನ್ನು ಪರೀಕ್ಷೆಯ ವಿಷಯ. ಇಲ್ಲಿ ನಿಧಾನವಾಗಿಯೇ ಹೋಗಬೇಕು, ಏಕೆಂದರೆ ಇಲ್ಲಿಯೇ ಅನ್ಯಾಯ ಎರಡು ಕಡೆಯಿಂದಲೂ ಸಂಭವಿಸುತ್ತದೆ: ವ್ಯಾಧಿಯಿದ್ದ ಮಗುವನ್ನು ತುಂಟನೆಂದು ದಂಡಿಸುವುದು ಒಂದು ಬಗೆಯ ಅನ್ಯಾಯವಾದರೆ, ಕೇವಲ ಚೂಟಿಯಾದ ಮಗುವಿಗೆ ವ್ಯಾಧಿಯ ಹೆಸರು ಅಂಟಿಸುವುದು ಇನ್ನೊಂದು ಬಗೆಯದು. ರಕ್ತ ತೆಗೆದು ನೋಡಿ, ತಲೆಯ ಸ್ಕ್ಯಾನ್ ಮಾಡಿ, ಇಇಜಿ ತೆಗೆದು ಈ ವ್ಯಾಧಿಯನ್ನು ಕಂಡುಹಿಡಿಯಲು ಸಾಧ್ಯವಿಲ್ಲ. “ಅಷ್ಟು ದೂರ ಬಂದಿದ್ದೇವೆ, ಒಂದು ಸ್ಕ್ಯಾನ್ ಬರೆದುಕೊಡಿ” ಎಂದು ವೈದ್ಯರನ್ನು ಒತ್ತಾಯಪಡಿಸುವವರಿದ್ದಾರೆ. ಫಿಟ್ಸ್ ಮುಂತಾದ ಬೇರೆ ಸಂಶಯಗಳಿದ್ದರೆ ಆ ಪರೀಕ್ಷೆಗಳು ಬೇಕಾಗಬಹುದೇ ಹೊರತು ಈ ನಿರ್ಣಯಕ್ಕೆ ಅವು ನೆರವಾಗವು. ಇಲ್ಲಿ ಪರೀಕ್ಷೆಯೆಂದರೆ ಮುಖ್ಯವಾಗಿ ಕೇಳುವುದು, ನೋಡುವುದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಿದ್ದರೊಡನೆ ತಾಳೆ ಹಾಕುವುದು.

ಶಾಸ್ತ್ರ ವಿಧಿಸುವ ಷರತ್ತುಗಳು ಕಟ್ಟುನಿಟ್ಟಾದವು. ಹದಿನೇಳು ವರ್ಷದೊಳಗಿನವರಲ್ಲಿ ಒಂದು ಗುಂಪಿನ ಒಂಬತ್ತು ಲಕ್ಷಣಗಳ ಪೈಕಿ ಕನಿಷ್ಠ ಆರು, ಅದಕ್ಕೆ ಮೇಲ್ಪಟ್ಟವರಲ್ಲಿ ಕನಿಷ್ಠ ಐದು ಕಾಣಿಸಬೇಕು; ಅವು ಆರು ತಿಂಗಳಾದರೂ ಬಿಡದೆ ಇರಬೇಕು; ವಯಸ್ಸಿಗೆ ಸಹಜವಾದ ಚೇಷ್ಟೆಯನ್ನು ಮೀರಿರಬೇಕು; ಹಲವು ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ತಲೆದೋರಿರಬೇಕು; ಮನೆ, ಶಾಲೆ, ನೆಂಟರ ಮನೆ ಹೀಗೆ ಎರಡು ಕಡೆಗಳಲ್ಲಾದರೂ ಕಾಣಿಸಬೇಕು; ಅವುಗಳಿಂದ ಕಲಿಕೆಗೋ ಸ್ನೇಹಕ್ಕೋ ಬಾಳಿಗೋ ನಿಜವಾದ ಹಾನಿಯಾಗುತ್ತಿರಬೇಕು; ಮತ್ತು ಬೇರೆ ಯಾವ ಕಾರಣವೂ ಅವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವಂತಿರಬಾರದು. ಮನೆಯಲ್ಲಿ ಮಾತ್ರ ಹಟಮಾರಿಯಾಗಿದ್ದು ಶಾಲೆಯಲ್ಲಿ ಸರಿಯಾಗಿರುವ ಮಗುವಿನ ತೊಂದರೆಯನ್ನು ಮನೆಯಲ್ಲಿಯೇ ಹುಡುಕಬೇಕು. ಒಬ್ಬ ಉಪಾಧ್ಯಾಯರ ತರಗತಿಯಲ್ಲಿ ಮಾತ್ರ ಚಂಚಲವಾಗುವ ಮಗುವಿನ ತೊಂದರೆಯನ್ನು ಆ ತರಗತಿಯಲ್ಲಿ.

ಆದಕಾರಣ ಉಪಾಧ್ಯಾಯರ ಸಾಕ್ಷ್ಯವಿಲ್ಲದೆ ಈ ವಿಚಾರಣೆ ಪೂರ್ಣವಾಗುವುದಿಲ್ಲ. ಮಗುವನ್ನು ಹತ್ತು ನಿಮಿಷ ನೋಡಿದ ವೈದ್ಯರಿಗೆ ಅದು ಸಾಧುವಾಗಿಯೇ ಕಾಣಬಹುದು, ಏಕೆಂದರೆ ಹೊಸ ಸ್ಥಳ, ಹೊಸ ಮುಖ, ತನ್ನೊಬ್ಬನ ಮೇಲೆಯೇ ದೊಡ್ಡವರೊಬ್ಬರ ಪೂರ್ಣ ಲಕ್ಷ್ಯ, ಇವೆಲ್ಲ ಕೂಡಿದಾಗ ಈ ವ್ಯಾಧಿಯ ಮಗುವೂ ಎಷ್ಟೋ ವೇಳೆ ಸುಮ್ಮನೆ ಕೂತಿರುತ್ತದೆ. “ಡಾಕ್ಟರ ಮುಂದೆ ಮಾತ್ರ ಒಳ್ಳೆಯವನು” ಎಂದು ತಾಯಿ ಅವಮಾನಪಡಬೇಕಾದ್ದಿಲ್ಲ. ಅನುಭವಿಯಾದ ವೈದ್ಯ ಅದನ್ನು ಬಲ್ಲ. ನಲವತ್ತು ಮಕ್ಕಳ ನಡುವೆ, ಬೇಸರ ತರುವ ಪಾಠದ ಹೊತ್ತಿನಲ್ಲಿ, ತಿಂಗಳುಗಟ್ಟಲೆ ಆ ಮಗುವನ್ನು ಕಂಡಿರುವವರು ಉಪಾಧ್ಯಾಯರು ಮಾತ್ರ. ಅವರಿಗೆ ಓರಗೆಯ ಮಕ್ಕಳೊಡನೆ ಹೋಲಿಸಿ ನೋಡುವ ಸೌಕರ್ಯವೂ ಇದೆ. ಇಲ್ಲಿ ನಮ್ಮ ಸರ್ಕಾರಿ ಶಾಲೆಗಳ ಕ್ರಮವೊಂದನ್ನು ನೆನೆಯಬೇಕು. ಒಂದರಿಂದ ಮೂರನೆಯ ತರಗತಿಯವರೆಗಿನ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತು, ಕಾರ್ಡುಗಳನ್ನು ತರಲು ಎದ್ದು ಓಡಾಡುತ್ತ, ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಮೆಟ್ಟಿಲೇರುವುದರಿಂದ, ಚಲನೆ ಹೆಚ್ಚಿರುವ ಮಗು ಅಲ್ಲಿ ಎದ್ದುಕಾಣದೆಯೇ ಹೋಗಬಹುದು. ನಾಲ್ಕನೆಯ ತರಗತಿಗೆ ಬಂದು, ಸಾಲಾಗಿ ಕೂತು, ಹಲಗೆ ನೋಡಿ ಬರೆದುಕೊಳ್ಳಬೇಕಾದಾಗ ಇದ್ದಕ್ಕಿದ್ದಂತೆ ಅದರ ಮೇಲೆ ದೂರುಗಳು ಬರತೊಡಗಬಹುದು. “ಮೂರನೇ ಕ್ಲಾಸಿನವರೆಗೆ ಚೆನ್ನಾಗಿಯೇ ಇದ್ದ” ಎಂಬ ಮಾತು ಕೇಳಿದೊಡನೆ, ವ್ಯಾಧಿ ಹೊಸದೆಂದೂ ಆದ್ದರಿಂದ ಇದು ಎಡಿಎಚ್‌ಡಿ ಅಲ್ಲವೆಂದೂ ತೀರ್ಮಾನಿಸುವುದು ದುಡುಕಾದೀತು.

ಪ್ರಶ್ನಾವಳಿಗಳೂ ಉಂಟು. ಕಾನರ್ಸ್ ಮತ್ತು ವ್ಯಾಂಡರ್‌ಬಿಲ್ಟ್ ಮಾಪಕಗಳು ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಬೇರೆ ಬೇರೆಯಾಗಿ ರಚಿತವಾದವು. ಆರರಿಂದ ಒಂಬತ್ತು ವರ್ಷದ ಮಕ್ಕಳಿಗಾಗಿ ಭಾರತದಲ್ಲಿಯೇ ಸಿದ್ಧಪಡಿಸಿ ಪರೀಕ್ಷಿಸಿದ ಇನ್‌ಕ್ಲೆನ್ ಸಾಧನವೂ ಇದೆ. ಇವೆಲ್ಲ ಸಂಗತಿಗಳನ್ನು ಕ್ರಮವಾಗಿ ಕಲೆಹಾಕಲು ಉಪಯುಕ್ತವಾದವುಗಳೇ ಹೊರತು ತೀರ್ಪು ಹೇಳುವಂಥವಲ್ಲ. ಫೋನಿನಲ್ಲಿ ಕಂಡ ಹತ್ತು ಪ್ರಶ್ನೆಗಳಿಗೆ ಹೌದೆಂದು ಉತ್ತರಿಸಿ ತಮಗೋ ತಮ್ಮ ಮಗುವಿಗೋ ವ್ಯಾಧಿಯ ಹೆಸರು ಕೊಟ್ಟುಕೊಳ್ಳುವ ಅಭ್ಯಾಸ ಈಚೆಗೆ ಹರಡುತ್ತಿದೆ. ಅದು ವೈದ್ಯರನ್ನು ಕಾಣಲು ಪ್ರೇರಣೆಯಾದರೆ ಸರಿ, ಅಲ್ಲಿಗೇ ನಿಂತರೆ ಅಪಾಯ.

ಎಲ್ಲಕ್ಕಿಂತ ಶ್ರಮದ ಭಾಗವೆಂದರೆ ಎಡಿಎಚ್‌ಡಿಯಂತೆಯೇ ತೋರುವ ಬೇರೆ ಸ್ಥಿತಿಗಳನ್ನು ಒಂದೊಂದಾಗಿ ಬದಿಗಿಡುವುದು. ಕಿವಿ ಸೋರಿ ಸೋರಿ ಕೇಳುವಿಕೆ ಮಂದವಾದ ಮಗು ಹೇಳಿದ್ದನ್ನು ಕೇಳುವುದು ಹೇಗೆ? ಹಲಗೆಯ ಅಕ್ಷರ ಮಸುಕಾಗಿ ಕಾಣುವ ಮಗು ಕಿಟಕಿಯಾಚೆ ನೋಡದೆ ಮತ್ತೇನು ಮಾಡೀತು? ಗಂಟಲ ಮತ್ತು ಮೂಗಿನ ಹಿಂದಿನ ಗ್ರಂಥಿಗಳು ಊದಿಕೊಂಡು ರಾತ್ರಿಯೆಲ್ಲ ಗೊರಕೆ ಹೊಡೆಯುತ್ತ ಸರಿಯಾಗಿ ನಿದ್ರೆ ಬಾರದ ಮಗು ಹಗಲು ತೂಕಡಿಸುವ ಬದಲು ಎಷ್ಟೋ ವೇಳೆ ಚಡಪಡಿಸುತ್ತದೆ. ರಕ್ತಹೀನತೆಯಿಂದ ಚಿತ್ತೈಕಾಗ್ರತೆ ಕುಗ್ಗುತ್ತದೆ. ಪಾಠದ ನಡುವೆ ಕೆಲವು ಕ್ಷಣ ಕಣ್ಣು ನೆಟ್ಟು ನಿಶ್ಚಲವಾಗುವ ಮಗುವಿಗೆ ಮೂರ್ಛೆರೋಗದ ಸೌಮ್ಯವಾದೊಂದು ಪ್ರಕಾರವಿರಬಹುದು. ಅಕ್ಷರಗಳನ್ನು ಕೂಡಿಸಿ ಓದಲಾರದ, ಆದರೆ ಮಾತಿನಲ್ಲಿ ಚುರುಕಾದ ಮಗುವಿಗೆ ಕಲಿಕೆಯ ನ್ಯೂನತೆಯಿರಬಹುದು. ಅದು ಎಡಿಎಚ್‌ಡಿಯ ಜೊತೆಗೂ ಬರುತ್ತದೆ, ಬೇರೆಯಾಗಿಯೂ ಬರುತ್ತದೆ. ಇದನ್ನು ಅಳೆಯಲು ೧೯೯೧ರಲ್ಲಿ ಮಾಳವಿಕಾ ಕಪೂರ್ ಮತ್ತು ಅವರ ಸಹೋದ್ಯೋಗಿಗಳು ಸಿದ್ಧಪಡಿಸಿದ ನಿಮ್ಹಾನ್ಸ್ ಸೂಚಿಯಲ್ಲಿ, ಓದು ಬರಹ ಗಣಿತಗಳ ಜೊತೆಗೆ, ಹಾಳೆಯ ತುಂಬ ಚೆಲ್ಲಿದ ಅಂಕಿಗಳಲ್ಲಿ ಹೇಳಿದ ಅಂಕಿಯನ್ನು ಮಾತ್ರ ಹುಡುಕಿ ಹೊಡೆದುಹಾಕುವ ಗಮನಪರೀಕ್ಷೆಯೂ ಸೇರಿದೆ.

ಶರೀರದ ಕಾರಣಗಳಂತೆಯೇ ಬಾಳಿನ ಕಾರಣಗಳೂ ಇವೆ. ತಂದೆಯ ಕುಡಿತ, ರಾತ್ರಿಯ ಜಗಳ, ಸಾಲದವರ ಕೂಗಾಟ, ಮನೆಯಲ್ಲೊಂದು ಸಾವು, ಶಾಲೆಯಲ್ಲಿ ಪೆಟ್ಟು ಅಥವಾ ಪೀಡನೆ, ಇವುಗಳ ನಡುವೆ ಬದುಕುವ ಮಗುವಿನ ಮನಸ್ಸು ಪಾಠದಲ್ಲಿ ನಿಲ್ಲದಿದ್ದರೆ ಅದು ಭಯ. ಅದಕ್ಕೆ ಮಾತ್ರೆ ಮದ್ದಲ್ಲ. ನಮ್ಮ ಜಿಲ್ಲೆಗೆ ವಿಶೇಷವಾಗಿ ಒಪ್ಪುವ ಕಾರಣ ಮತ್ತೊಂದಿದೆ. ಕಾರ್ಖಾನೆಗಳು, ಗೋದಾಮುಗಳು, ವಿಮಾನ ನಿಲ್ದಾಣದ ಸುತ್ತಣ ಕಟ್ಟಡದ ಕೆಲಸಗಳು ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಸಾವಿರಾರು ಕುಟುಂಬಗಳನ್ನು ಇಲ್ಲಿಗೆ ಕರೆತಂದಿವೆ. ಮನೆಯಲ್ಲಿ ಹಿಂದಿಯನ್ನೋ ಒಡಿಯಾವನ್ನೋ ತೆಲುಗನ್ನೋ ಆಡುವ ಮಗು, ವರ್ಷದ ನಡುವೆ ಶಾಲೆಗೆ ಸೇರಿ, ತಿಳಿಯದ ನುಡಿಯ ಪಾಠದ ಮುಂದೆ ಕೂತಾಗ ಅತ್ತಿತ್ತ ನೋಡದೆ ಇರಲಾರದು. ಅದರ ಗಮನವನ್ನು ಅದಕ್ಕೆ ತಿಳಿಯುವ ನುಡಿಯಲ್ಲಿಯೇ ಪರೀಕ್ಷಿಸಬೇಕು. ಹಾಗೆಯೇ ವಯಸ್ಸಿನ ಲೆಕ್ಕ. ಒಂದೇ ತರಗತಿಯ ಅತ್ಯಂತ ಹಿರಿಯ ಮಗುವಿಗೂ ಅತ್ಯಂತ ಕಿರಿಯ ಮಗುವಿಗೂ ಹೆಚ್ಚುಕಡಮೆ ಒಂದು ವರ್ಷದ ಅಂತರವಿರುತ್ತದೆ. ಆರು ವರ್ಷದ ಮಕ್ಕಳಲ್ಲಿ ಅದು ಸಣ್ಣ ಅಂತರವಲ್ಲ. ತರಗತಿಯ ಅತಿ ಕಿರಿಯ ಮಕ್ಕಳಿಗೆ ಈ ವ್ಯಾಧಿಯ ಹೆಸರು ಹೆಚ್ಚಾಗಿ ಬೀಳುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಶಾಲೆಗೆ ಬೇಗ ಸೇರಿಸಬೇಕೆಂದು ಜನ್ಮದಿನಾಂಕವನ್ನು ಹಿಂದಕ್ಕೆ ಬರೆಸಿದ್ದರೆ ಅದನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಬೇಕು. ಮಗುವಿನ ಭವಿಷ್ಯ ಆ ಒಂದು ಸತ್ಯದ ಮೇಲೆ ನಿಂತಿರಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ತಪ್ಪು ವಿರುದ್ಧ ದಿಕ್ಕಿನದು. ಅವರಲ್ಲಿ ಓಟಕ್ಕಿಂತ ಮರೆವು, ಕನಸುಗಣ್ಣು, ಅರೆಬರೆ ಕೆಲಸ ಇವೇ ಹೆಚ್ಚಾಗಿರುವುದರಿಂದ ಯಾರಿಗೂ ಉಪದ್ರವವಾಗುವುದಿಲ್ಲ. ಉಪದ್ರವವಾಗದವರನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ. “ಓದು ತಲೆಗೆ ಹತ್ತಲಿಲ್ಲ” ಎಂದು ಹತ್ತನೆಯ ತರಗತಿಗೇ ಶಾಲೆ ಬಿಡಿಸಿ ಮದುವೆಯ ಮಾತೆತ್ತುವ ಮನೆಗಳು ಇನ್ನೂ ಇರುವಾಗ, ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತು ಹಿಂದೆ ಬೀಳುತ್ತಿರುವ ಹುಡುಗಿಯನ್ನು ಗುರುತಿಸುವುದು ಉಪಾಧ್ಯಾಯರ ಅತ್ಯಂತ ದೊಡ್ಡ ಉಪಕಾರಗಳಲ್ಲೊಂದೆಂದು ನಾನು ತಿಳಿಯುತ್ತೇನೆ.

ಬೆಳೆದಂತೆ ತಾನೇ ಸರಿಹೋಗುತ್ತದೆ ಎಂಬ ಮಾತು ಅರ್ಧ ನಿಜ. ಓಟ, ಹಾರಾಟಗಳು ಹರೆಯಕ್ಕೆ ಬರುವ ಹೊತ್ತಿಗೆ ಬಹುಮಟ್ಟಿಗೆ ತಗ್ಗುತ್ತವೆ. ಆದರೆ ಗಮನದ ಕೊರತೆ, ಆತುರ, ಒಳಗಿನ ಚಡಪಡಿಕೆಗಳು ಬಹುಮಂದಿಯಲ್ಲಿ ಒಂದಲ್ಲ ಒಂದು ರೂಪದಲ್ಲಿ ಉಳಿದುಬರುತ್ತವೆ. ಆರಂಭಿಸಿದ ವ್ಯಾಪಾರ ಅರ್ಧಕ್ಕೆ ನಿಲ್ಲುವುದು, ಮೇಲಿಂದ ಮೇಲೆ ಕೆಲಸ ಬಿಡುವುದು, ಕರೆಂಟು ಬಿಲ್ಲು ಸಾಲದ ಕಂತು ಮರೆತು ದಂಡ ತೆರುವುದು, ಆಧಾರ್ ಕಾರ್ಡು ಪಹಣಿ ಪತ್ರಗಳನ್ನು ಎಲ್ಲಿಟ್ಟೆನೆಂದು ದಿನವೆಲ್ಲ ಹುಡುಕುವುದು, ಯೋಚಿಸದೆ ಆಡಿದ ಮಾತಿನಿಂದ ಸಂಬಂಧಗಳು ಮುರಿಯುವುದು, ಹೀಗೆ ಅವು ಕಾಣಿಸಿಕೊಳ್ಳುತ್ತವೆ. ಎಷ್ಟೋ ಮಂದಿ ತಮ್ಮ ಸ್ಥಿತಿಯನ್ನು ಅರಿಯುವುದು ಮಗುವನ್ನು ವೈದ್ಯರ ಬಳಿಗೆ ಕರೆತಂದು, ಅವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುತ್ತಿರುವಾಗ, ಆ ಉತ್ತರಗಳು ತಮಗೂ ಒಪ್ಪುತ್ತವೆಂದು ತೋರಿದಾಗ.

ವಯಸ್ಕರ ಪರೀಕ್ಷೆ ಮಕ್ಕಳದಕ್ಕಿಂತ ಕಠಿನ. ವಿಶ್ವ ಆರೋಗ್ಯ ಸಂಸ್ಥೆಯ ಸ್ವಪರೀಕ್ಷಾ ಮಾಪಕದಲ್ಲಿ ೧೮ ಪ್ರಶ್ನೆಗಳಿವೆ. ಮೊದಲ ಆರರಿಂದಲೇ ಹೆಚ್ಚಿನ ವಿಚಾರಣೆ ಬೇಕೇ ಬೇಡವೇ ಎಂಬುದು ಸ್ಥೂಲವಾಗಿ ತಿಳಿಯುತ್ತದೆ. ನಿಜವಾದ ಕಷ್ಟವಿರುವುದು ಬಾಲ್ಯದ ಸಾಕ್ಷ್ಯದಲ್ಲಿ: ಮೂವತ್ತೈದು ವರ್ಷದವನು ಹನ್ನೆರಡಕ್ಕೆ ಮುಂಚೆ ಹೇಗಿದ್ದನೆಂದು ಹೇಳುವವರಾರು? ತಾಯಿ ಬದುಕಿದ್ದರೆ ತಾಯಿ, ಇಲ್ಲವಾದರೆ ಅಕ್ಕ ಅಥವಾ ಅಣ್ಣ, ಅಟ್ಟದ ಮೇಲಿನ ಟ್ರಂಕಿನಲ್ಲಿ ಉಳಿದಿದ್ದರೆ ಹಳೆಯ ಅಂಕಪಟ್ಟಿ ಮತ್ತು ಅದರ ಮೇಲೆ ಉಪಾಧ್ಯಾಯರು ಬರೆದ ಷರಾ. ಇವುಗಳನ್ನು ವೈದ್ಯರ ಬಳಿಗೆ ಒಯ್ಯುವುದು ಯಾವ ಸ್ಕ್ಯಾನಿಗಿಂತಲೂ ಉಪಯುಕ್ತ. ನಲವತ್ತರವರೆಗೆ ಅಚ್ಚುಕಟ್ಟಾಗಿದ್ದು ಈಗ ಇದ್ದಕ್ಕಿದ್ದಂತೆ ಮರೆವು ಬಂದಿತೆಂದರೆ ಅದು ಎಡಿಎಚ್‌ಡಿಯಾಗಿರುವ ಸಂಭವ ತೀರ ಕಡಮೆ. ಖಿನ್ನತೆ, ಥೈರಾಯ್ಡಿನ ದೋಷ, ಮದ್ಯ, ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇವುಗಳನ್ನು ನೋಡಬೇಕು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿಯೋ ವಿಮಾನ ನಿಲ್ದಾಣದಲ್ಲಿಯೋ ಒಂದು ವಾರ ಹಗಲು, ಒಂದು ವಾರ ರಾತ್ರಿ ಪಾಳಿಯಲ್ಲಿ ದುಡಿದು ಹಗಲಿನಲ್ಲಿ ನಾಲ್ಕು ಗಂಟೆ ನಿದ್ರಿಸುವವರ ಚಿತ್ತ ಚೆದುರಿದರೆ ಮೊದಲ ಸಂಶಯ ನಿದ್ರೆಯ ಮೇಲೆಯೇ ಇರತಕ್ಕದ್ದು.

ವಯಸ್ಕರ ಪರೀಕ್ಷೆಯನ್ನು ಉಪೇಕ್ಷಿಸಬಾರದೆಂಬುದಕ್ಕೆ ಒಂದು ದೃಷ್ಟಾಂತ. ಸ್ವೀಡನ್ನಿನಲ್ಲಿ ಈ ವ್ಯಾಧಿಯಿದ್ದ ೧೭ ಸಾವಿರಕ್ಕೂ ಮಿಕ್ಕಿದವರ ದಾಖಲೆಗಳನ್ನು ಪರಿಶೀಲಿಸಿ ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುರುಷರಿಗೆ ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಗಂಭೀರ ವಾಹನಾಪಘಾತಗಳ ಸಂಭವ ತೆಗೆದುಕೊಳ್ಳದ ಅವಧಿಗಿಂತ ಶೇಕಡ ೫೮ರಷ್ಟು ಕಡಮೆಯಿದ್ದುದು ಕಂಡುಬಂದಿತು. ನೆಲಮಂಗಲದಲ್ಲಿ ಕವಲೊಡೆಯುವ ಎರಡು ಹೆದ್ದಾರಿಗಳಲ್ಲಿ ಪ್ರತಿದಿನ ಓಡಾಡುವ ನಮಗೆ ಈ ಅಂಕಿ ಅನ್ಯದೇಶದ್ದೆಂದು ತಳ್ಳಿಹಾಕುವಂಥದಲ್ಲ.

ಚಿಕಿತ್ಸೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಶಾಲೆಗೆ ಸೇರದ ಎಳೆಯ ಮಕ್ಕಳಲ್ಲಿ ಮೊದಲ ಚಿಕಿತ್ಸೆ ತಂದೆತಾಯಿಗಳಿಗೆ ಕೊಡುವ ಶಿಕ್ಷಣ: ಒಂದು ಸಲಕ್ಕೆ ಒಂದೇ ಸೂಚನೆ, ದಿನಕ್ಕೊಂದು ನಿಯತವಾದ ಕ್ರಮ, ಒಳ್ಳೆಯದನ್ನು ಮಾಡಿದ ಕ್ಷಣದಲ್ಲಿಯೇ ಮೆಚ್ಚುಗೆ. ದೊಡ್ಡ ಮಕ್ಕಳಲ್ಲಿ ತೊಂದರೆ ತೀವ್ರವಾಗಿದ್ದರೆ ಔಷಧವೂ ಬೇಕಾಗುತ್ತದೆ. ೧೯೪೪ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೊದಲು ತಯಾರಾದ ಮಿಥೈಲ್‌ಫೆನಿಡೇಟ್ ಇಂದಿಗೂ ಪ್ರಧಾನವಾದದ್ದು. ನಮ್ಮಲ್ಲಿ ಅದು ಮಾದಕವಸ್ತು ಮತ್ತು ಮನೋಪ್ರಭಾವಕ ದ್ರವ್ಯಗಳ ಕಾಯಿದೆಗೆ ಒಳಪಟ್ಟಿರುವುದರಿಂದ ವೈದ್ಯರ ಚೀಟಿಯಿಲ್ಲದೆ ದೊರೆಯುವಂತಿಲ್ಲ. ಅಟೊಮಾಕ್ಸಿಟಿನ್ ಇನ್ನೊಂದು, ಅದರ ಗುಣ ಕಾಣಲು ಕೆಲವು ವಾರಗಳು ಬೇಕು. ಹಸಿವು ತಗ್ಗುವುದು, ನಿದ್ರೆ ತಡವಾಗುವುದು ಮುಂತಾದ ಉಪದ್ರವಗಳುಂಟಾದ್ದರಿಂದ ಮಗುವಿನ ತೂಕ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ಆಗಾಗ ನೋಡುತ್ತಿರಬೇಕು. ಮಾತ್ರೆಯಿಂದ ಮಗು ಮಂಕಾಗಿ ಕೂತುಬಿಡುತ್ತದೆಂಬ ಭಯ ಬೇಡ. ಹಾಗೆ ಮಂಕಾದರೆ ಅದು ಪ್ರಮಾಣ ತಪ್ಪಿದ್ದರ ಗುರುತು, ವೈದ್ಯರಿಗೆ ಕೂಡಲೇ ತಿಳಿಸಬೇಕು.

ಇಷ್ಟೆಲ್ಲಕ್ಕೂ ನಮ್ಮ ನಾಲ್ಕು ತಾಲ್ಲೂಕುಗಳ ಬಡವನೊಬ್ಬ ಹೋಗಬೇಕಾದುದೆಲ್ಲಿಗೆ? ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ದೇವನಹಳ್ಳಿಯಿಂದಲೋ ದೊಡ್ಡಬಳ್ಳಾಪುರದಿಂದಲೋ ಅಲ್ಲಿಗೆ ಹೋಗಬೇಕಾದರೆ ಇಡೀ ನಗರವನ್ನು ದಾಟಬೇಕು, ಒಂದು ದಿನದ ಕೂಲಿ ಬಿಡಬೇಕು. ಆದರೆ ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬಂದು ಹುಟ್ಟಿನಿಂದ ೧೮ ವರ್ಷದವರೆಗಿನ ಮಕ್ಕಳನ್ನು ನೋಡತಕ್ಕದ್ದೆಂದು ನಿಯಮ. ಅವರು ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಹೆಸರಿಟ್ಟೇ ಸೇರಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ೨೦೧೪ರಲ್ಲಿ ಆರಂಭವಾದಂದಿನಿಂದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣುವ ವ್ಯವಸ್ಥೆ ಬಂದಿದೆ. ಯಾವ ಮಂಗಳವಾರವೆಂಬುದನ್ನು ಆಸ್ಪತ್ರೆಯಲ್ಲಿಯೇ ವಿಚಾರಿಸಿಕೊಳ್ಳಬೇಕು.

ಕಾನೂನಿನ ಎರಡು ಸಂಗತಿಗಳನ್ನೂ ಪೋಷಕರು ತಿಳಿದಿರುವುದು ಒಳ್ಳೆಯದು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಚಂಚಲಚಿತ್ತದ ಮಗುವಿಗೂ ಆ ರಕ್ಷಣೆಯಿದೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆ ಹೆಸರಿಸಿದ ೨೧ ನ್ಯೂನತೆಗಳಲ್ಲಿ ಕಲಿಕೆಯ ನ್ಯೂನತೆಯೂ ಆಟಿಸಮ್ಮೂ ಸೇರಿವೆ, ಎಡಿಎಚ್‌ಡಿ ಸೇರಿಲ್ಲ. ಆದ್ದರಿಂದ ಈ ಮಗುವಿಗೆ ಕಲಿಕೆಯ ನ್ಯೂನತೆಯೂ ಜೊತೆಗಿದೆಯೇ ಎಂಬುದನ್ನು ಎಸ್‌ಎಸ್‌ಎಲ್‌ಸಿಗೆ ಬಹಳ ಮುಂಚೆಯೇ ಪರೀಕ್ಷಿಸಿ ಪ್ರಮಾಣಪತ್ರ ಪಡೆಯುವುದು ವಿವೇಕ. ಎಡಿಎಚ್‌ಡಿಯೂ ಆ ಪಟ್ಟಿಗೆ ಸೇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಪ್ರಾರ್ಥನೆ. ಮಗುವಿನ ತಾಯಿಯನ್ನು ಕರೆಸಿ “ನಿಮ್ಮ ಹುಡುಗನಿಗೆ ಗಮನವಿಲ್ಲ” ಎಂದು ಹೇಳಿ ಕಳುಹಿಸುವುದಕ್ಕೆ ಬದಲಾಗಿ, ಎಂದಿನಿಂದ ಹೀಗಿದ್ದಾನೆ, ಯಾವ ಯಾವ ಪಾಠದಲ್ಲಿ, ದಿನದ ಯಾವ ಹೊತ್ತಿನಲ್ಲಿ, ಓರಗೆಯವರಿಗಿಂತ ಎಷ್ಟು ಹೆಚ್ಚು, ಏನು ಮಾಡಿದರೆ ಸ್ವಲ್ಪ ನಿಲ್ಲುತ್ತಾನೆ, ಓದುಬರಹದಲ್ಲಿ ಯಾವ ತಪ್ಪು ಮರುಕಳಿಸುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಆಕೆಯ ಕೈಯಲ್ಲಿ ಕೊಡಿ. ಮಂಗಳವಾರದ ಮನೋವೈದ್ಯರ ಮುಂದೆ ಆ ಒಂದು ಪುಟ ನಿಮ್ಮ ಶಾಲೆಯ ಇಡೀ ವರ್ಷವನ್ನು ತೆರೆದಿಡುತ್ತದೆ. ಆಸ್ಪತ್ರೆಗೆ ಹೋಗುವ ಮೊದಲು ಯಾರನ್ನಾದರೂ ಕೇಳಿ ತಿಳಿಯಬೇಕೆನ್ನುವ ಪೋಷಕರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಿದೆ. ಸಂಖ್ಯೆ ೧೪೪೧೬, ಕರೆಗೆ ಶುಲ್ಕವಿಲ್ಲ, ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.